ಬಾಲಕ್ಕೆ ಮೂರು, ಬಾಲಕ್ಕೆ ಒಂಬತ್ತು

ಜೂನ್ ೧೦, ಭಾನುವಾರ

ಇವತ್ತು ಮೇಷ್ಟ್ರ ಎದುರಿಗೆ ನನಗೆ ಅವಮಾನವಾಯಿತು. ಮಾಡಿದವಳು ನನ್ನ ಹೆಂಡತಿ. ಬೇಕೆಂದು ಮಾಡಿದ್ದಲ್ಲ. ಬೇಕೆಂದೇ ಮಾಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಇಪ್ಪತ್ತಾರು ವರ್ಷಗಳಿಂದ ಪ್ರತಿ ಭಾನುವಾರ ಬೆಳಿಗ್ಗೆ ಮೇಷ್ಟ್ರ ಮಹಡಿ ಕೋಣೆಗೆ ಹೋಗುತ್ತಿದ್ದೇನೆ. ಮೊದಲು ಏಳೆಂಟು ಜನ ಇದ್ದೆವು, ಈಗ ನಾನೊಬ್ಬನೇ. ಯಾವ ಸಂಖ್ಯೆ ಅವಿಭಾಜ್ಯ, ಅಂದರೆ ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದಕ್ಕೂ ಭಾಗವಾಗದ್ದು, ಅಂತ ಕೈಯಲ್ಲೇ ಭಾಗಿಸಿ ನೋಡುವುದು ನಮ್ಮ ಕೆಲಸ. ಕ್ಯಾಲ್ಕುಲೇಟರ್ ಮುಟ್ಟುವಂತಿಲ್ಲ. "ಯಂತ್ರಕ್ಕೆ ಗೊತ್ತಾದ್ರೆ ಯಂತ್ರಕ್ಕೆ ಗೊತ್ತಾಯ್ತು. ನಮಗೇನು ಗೊತ್ತಾಯ್ತು?" ಅನ್ನುತ್ತಾರೆ ಮೇಷ್ಟ್ರು. ಖಚಿತವಾದದ್ದನ್ನು ದಪ್ಪ ರಟ್ಟಿನ ಪುಸ್ತಕದಲ್ಲಿ ಅವರೇ ಬರೆದು, ಕೆಳಗೆ ಕಂಡುಹಿಡಿದವರ ಹೆಸರು ಹಾಕುತ್ತಾರೆ. ಅದರಲ್ಲಿ ನನ್ನ ಮೊದಲ ಪುಟ ೧೭೩೯೯. ಅದು ನಾನು ಕೆಲಸ ಮಾಡುವ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ನನ್ನ ಹಾಜರಿ ಟೋಕನ್ ಸಂಖ್ಯೆ. ಅವಿಭಾಜ್ಯವಾದ ಟೋಕನ್ ಇರುವವನು ಇಡೀ ಪ್ರೆಸ್ಸಿನಲ್ಲಿ ನಾನೊಬ್ಬ.

ಈಗ ಆ ಪುಸ್ತಕದಲ್ಲಿ ಒಂದೇ ಪುಟ ಖಾಲಿ ಉಳಿದಿದೆ. ಮೇಷ್ಟ್ರ ಕಣ್ಣು ಮಬ್ಬಾಗಿದೆ. ಅಭ್ಯಾಸಬಲದಿಂದ ದೊಡ್ಡಕ್ಷರದಲ್ಲಿ ಬರೆಯಬಲ್ಲರು, ಬರೆದದ್ದನ್ನು ಓದಲಾರರು. ಇನ್ನೊಂದು ಪುಸ್ತಕ ಶುರುಮಾಡುವುದಿಲ್ಲ ಎಂದಿದ್ದಾರೆ. ಆ ಕೊನೆಯ ಪುಟ ನನ್ನದು ಎಂದು ನಾನು ಯಾವತ್ತೋ ತೀರ್ಮಾನ ಮಾಡಿಕೊಂಡಿದ್ದೆ.

ಹಲಗೆಯ ಮೇಲೆ ಇವತ್ತು ೭೩೯೩೯೧೩೩ ಇತ್ತು. ಮೇಷ್ಟ್ರ ಮುದ್ದಿನ ಸಂಖ್ಯೆ. ಅದು ಅವಿಭಾಜ್ಯ. ಬಾಲದ ಮೂರನ್ನು ಕತ್ತರಿಸಿದರೆ ಉಳಿಯುವ ೭೩೯೩೯೧೩ ಕೂಡ ಅವಿಭಾಜ್ಯ. ಹೀಗೆ ಒಂದೊಂದೇ ಅಂಕೆ ಕತ್ತರಿಸುತ್ತ ೭೩೯, ೭೩, ಕೊನೆಗೆ ಬರೀ ೭ ಉಳಿದರೂ ಗುಣ ಕೆಡುವುದಿಲ್ಲ. ಇದಕ್ಕೆ ಇನ್ನೊಂದು ಅಂಕೆಯ ಬಾಲ ಹಚ್ಚಿ ಉದ್ದ ಮಾಡಬಹುದೇ ಅನ್ನುವುದು ಪ್ರಶ್ನೆ. ಸರಿಸಂಖ್ಯೆಯ ಬಾಲ, ಸೊನ್ನೆ, ಐದು ಉಪಯೋಗಕ್ಕಿಲ್ಲ. ಉಳಿದದ್ದು ಒಂದು, ಮೂರು, ಏಳು, ಒಂಬತ್ತು.

ನಾನು ಕನ್ನಡಕ ಒರೆಸಿಕೊಂಡು ಪೆನ್ಸಿಲ್ ಹಿಡಿಯುವಷ್ಟರಲ್ಲಿ ಬಾಗಿಲಲ್ಲಿ ನನ್ನ ಹೆಂಡತಿಯ ದನಿ. ಇವಳು ಟೈಲರ್. ಮೇಷ್ಟ್ರ ಅಂಗಿಗೆ ಕಾಲರ್ ತಿರುಗಿಸಿ ಹೊಲಿದು ತಂದಿದ್ದಳು.

"ಒಂದೂ ಏಳೂ ಹೋಯ್ತಲ್ವಾ ಮೇಷ್ಟ್ರೇ? ಅಂಕೆಗಳನ್ನ ಕೂಡಿದ್ರೆ ಮೂವತ್ತೊಂಬತ್ತು, ನಲವತ್ತೈದು ಆಗುತ್ತೆ. ಎರಡೂ ಮೂರರಿಂದ ಭಾಗ ಹೋಗುತ್ತೆ."

ಅಂಗಿ ಇನ್ನೂ ಕೈಯಲ್ಲೇ ಇತ್ತು. ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. ನನಗಾಗಿ ಅವರು ಎದ್ದದ್ದು ನೆನಪಿಲ್ಲ.

"ಬಾಮ್ಮಾ, ಒಳಗೆ ಬಾ. ಬಾಲಕ್ಕೆ ಮೂರು ಇರೋದು ಇವನಿಗೆ. ಬಾಲಕ್ಕೆ ಒಂಬತ್ತು ಇರೋದು ನಿನಗೆ. ಭಾಗಿಸೋ ಒಂದು ಸಂಖ್ಯೆ ಯಾರಿಗೆ ಮೊದಲು ಸಿಗುತ್ತೋ, ಇಲ್ಲಾ ಯಾವುದೂ ಇಲ್ಲ ಅಂತ ಯಾರು ಮೊದಲು ತೋರಿಸ್ತಾರೋ, ಕೊನೇ ಪುಟ ಅವರದ್ದು."

ನನ್ನದು ೭೩೯೩೯೧೩೩೩. ಇವಳದ್ದು ೭೩೯೩೯೧೩೩೯. ಯಾವುದೂ ಇಲ್ಲವೆಂದು ತೋರಿಸಲು ಇಪ್ಪತ್ತೇಳು ಸಾವಿರದವರೆಗಿನ ಅವಿಭಾಜ್ಯಗಳನ್ನೆಲ್ಲ ಹಾಕಿ ನೋಡಬೇಕು.

ದಾರಿಯಲ್ಲಿ ಕೇಳಿದೆ, "ನಿನಗೆ ಇದೆಲ್ಲ ಯಾವಾಗಿಂದ ಗೊತ್ತು?"

"ಹತ್ತನೇ ಕ್ಲಾಸಲ್ಲಿ ನನಗೆ ಲೆಕ್ಕದಲ್ಲಿ ತೊಂಬತ್ತೆಂಟು ಬಂದಿತ್ತು. ನೀವು ಕೇಳಲೇ ಇಲ್ಲ."

ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಮೇಲೆ ಹೇಳುವ ಮಾತೇ ಇದು?

ಜೂನ್ ೧೩, ಬುಧವಾರ

ನನ್ನ ಅವಿಭಾಜ್ಯಗಳ ಪಟ್ಟಿಯನ್ನು ಒಂದು ಸಲ ಕೊಡಿ ಎಂದಳು. ಇಪ್ಪತ್ತು ವರ್ಷದ ಹುಡುಗನಾಗಿದ್ದಾಗ ಮೇಷ್ಟ್ರ ಪುಸ್ತಕ ನೋಡಿ ನಾನು ಕೈಯಾರೆ ಇಳಿಸಿಕೊಂಡ ಪಟ್ಟಿ. "ಸ್ವಂತ ಮಾಡ್ಕೋ, ಅಭ್ಯಾಸ ಆಗುತ್ತೆ" ಎಂದೆ. ಗುರುವಿನ ಗತ್ತಿನಲ್ಲೇ ಹೇಳಿದೆ. ನಿಜ ಹೇಳಬೇಕೆಂದರೆ ಕೊಡಲು ಮನಸ್ಸಿರಲಿಲ್ಲ.

ಮಾಡಿಕೊಂಡೇ ಬಿಟ್ಟಳು. ಬಟ್ಟೆ ಕತ್ತರಿಸುವ ಮೊದಲು ಅಳತೆ ಗೀಚುವ ಕಂದು ಕಾಗದ ಹಾಸಿ, ಸಾಲಾಗಿ ಸಂಖ್ಯೆ ಬರೆದು, ಎರಡರ ಮಗ್ಗಿ, ಮೂರರ ಮಗ್ಗಿ, ಐದರ ಮಗ್ಗಿ ಅಂತ ಹೊಡೆದುಹಾಕುತ್ತ ಹೋದಳು. ಉಳಿದದ್ದು ಪಟ್ಟಿ. ಇನ್ನು ಭಾಗಾಕಾರಕ್ಕೆ ಕಾಗದದ ಉದ್ದನೆಯ ಚೂರು ಮಾಡಿಕೊಂಡಿದ್ದಾಳೆ. ಒಂದೊಂದು ಭಾಜಕಕ್ಕೆ ಒಂದೊಂದು ಚೂರು, ಅದರ ಮೇಲೆ ಒಂದರಿಂದ ಒಂಬತ್ತರವರೆಗೆ ಅದರ ಮಗ್ಗಿ. ಅಳತೆ ಟೇಪಿನಂತೆ ಸಂಖ್ಯೆಯ ಕೆಳಗೆ ಜರುಗಿಸುತ್ತಾಳೆ, ಕಳೆಯುತ್ತಾಳೆ, ಶೇಷವನ್ನು ಅಳತೆ ಪುಸ್ತಕದಲ್ಲಿ ಬರೆಯುತ್ತಾಳೆ. ಎದೆ, ಸೊಂಟ, ತೋಳು ಬರೆಯುವ ಪುಸ್ತಕದಲ್ಲೇ, ಎಂದಿನಂತೆ ಪುಟದ ನೆತ್ತಿಯಲ್ಲಿ ತಾರೀಖು ಹಾಕಿ.

ನಾನು ಒಂದು ಮುಗಿಸುವಷ್ಟರಲ್ಲಿ ಅವಳದು ಮೂರಾಗುತ್ತದೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಮ್ಮ ಹಿತ್ತಲ ಗಿಡ ಮದ್ದಾಗಿ ನನ್ನ ಗಂಟಲಲ್ಲೇ ಸಿಕ್ಕಿಕೊಂಡಿದೆ.

ಜೂನ್ ೧೭, ಭಾನುವಾರ

೧೧೩ ಮುಗಿಸಿದೆ. ಯಾವುದೂ ಮುಟ್ಟಿಲ್ಲ. ಪಟ್ಟಿಯ ಮೊದಲ ಪುಟ ಮುಗಿಯಿತು, ನಾಳೆ ಮಗುಚಿ ೧೩೧ರಿಂದ ಶುರು.

ಮೇಷ್ಟ್ರು ಅವಳ ಕಾಗದದ ಚೂರುಗಳನ್ನು ಬೆರಳಲ್ಲಿ ಸವರಿ ಸವರಿ ನೋಡಿ ಮಗುವಿನಂತೆ ನಕ್ಕರು. "ಐವತ್ತು ವರ್ಷ ಪಾಠ ಮಾಡಿದೆ, ನನಗೆ ಹೊಳೀಲಿಲ್ಲ ನೋಡು!" ಎಂದು ಅವಳಿಗಲ್ಲ, ನನಗೆ ಹೇಳಿದರು. ಗಾಯದ ಮೇಲೆ ಬರೆ.

ನಾನೂ ನಕ್ಕೆ. ಮುಖ ನೋಯುವಷ್ಟು ನಕ್ಕೆ.

ಜೂನ್ ೨೦, ಬುಧವಾರ

೧೬೭ಕ್ಕೆ ಶೇಷ ಬರೀ ಎರಡು! ಕೂದಲೆಳೆಯಲ್ಲಿ ತಪ್ಪಿತು. ಆಮೇಲೆ ಒಂದು ಯೋಚನೆ ಬಂತು. ನನ್ನದು ಯಾವುದಕ್ಕೂ ಭಾಗವಾಗದೇ ಹೋದರೆ? ಆಗ ಬಾಲ ಇನ್ನೊಂದು ಅಂಕೆ ಬೆಳೆದಂತೆ. ಮೇಷ್ಟ್ರ ಸಂಖ್ಯೆಗಿಂತ ನನ್ನದೇ ಉದ್ದ! ಕೊನೆಯ ಪುಟ ಹೋಗಲಿ, ರಟ್ಟಿನ ಮೇಲೇ ನನ್ನ ಹೆಸರು ಹಾಕಬೇಕಾದೀತು.

ಇವಳಿಗೆ ನಿನ್ನೆಯಿಂದ ಒಂದೂ ಆಗಿಲ್ಲವಂತೆ. "ಯಾಕೆ?" ಅಂದರೆ "ಯೂನಿಫಾರ್ಮ್ ಕೆಲಸ" ಅನ್ನುತ್ತಾಳೆ. ಒಳ್ಳೆಯದೇ ಆಯಿತು. ಶಾಲೆಗಳು ಬಾಳಲಿ.

ಜೂನ್ ೨೪, ಭಾನುವಾರ

ಬೆಳಿಗ್ಗೆ ಇವಳಿಗಿಂತ ಮೊದಲು ಎದ್ದು ಚಹಾ ಮಾಡಲು ಶುರುಮಾಡಿದ್ದೇನೆ. ಒಲೆಯ ಮೇಲೆ ನೀರು ಕುದಿಯುವಷ್ಟರಲ್ಲಿ ಅವಳ ಅಳತೆ ಪುಸ್ತಕದ ಕೊನೆಯ ಪುಟ ನೋಡಬಹುದು. ಎಲ್ಲಿಗೆ ಬಂದಿದ್ದಾಳೆ ಎಂದಷ್ಟೇ. ಅವಳಿಗೆ ಸಕ್ಕರೆ ಅರ್ಧ ಚಮಚ ಸಾಕಂತೆ. ಇಷ್ಟು ದಿನ ಗೊತ್ತಿರಲಿಲ್ಲ.

ಇವತ್ತು ಒಂದು ತಮಾಷೆ ಕಂಡೆ. ೧೬೭ಕ್ಕೆ ಅವಳ ಶೇಷ ಎಂಟು, ನನ್ನದು ಎರಡು. ಅವಳ ಸಂಖ್ಯೆ ನನ್ನದಕ್ಕಿಂತ ಆರು ದೊಡ್ಡದು, ಶೇಷವೂ ಆರು ದೊಡ್ಡದು. ಹಾಗಾದರೆ ಅವಳ ಉತ್ತರದಲ್ಲಿ ಆರು ಕಳೆದರೆ ನನ್ನ ಲೆಕ್ಕ ಸರಿಯೇ ಎಂದು ತಾಳೆ ನೋಡಬಹುದು. ಇದು ನಕಲು ಅಲ್ಲ. ತಾಳೆ ನೋಡುವುದಕ್ಕೂ ನಕಲಿಗೂ ವ್ಯತ್ಯಾಸ ಇದೆ.

ಜುಲೈ ೧, ಭಾನುವಾರ

೩೫೩ಕ್ಕೆ ಶೇಷ ನಾಲ್ಕು. ಮುಂದೆ ಹೋಗುತ್ತಿದ್ದೇನೆ. ಇವಳು ಯಾವಾಗಲೂ ನನಗಿಂತ ಒಂದೇ ಒಂದು ಹಿಂದೆ. ಮೊದಲಿನ ವೇಗ ಇಲ್ಲ. ಹೊಸ ಪೊರಕೆ ಚೆನ್ನಾಗಿ ಗುಡಿಸುತ್ತದೆ, ಆಮೇಲೆ ಗೊತ್ತಾಗುತ್ತದೆ ಕಡ್ಡಿ ಎಷ್ಟು ಗಟ್ಟಿ ಅಂತ. ಮೇಷ್ಟ್ರಿಗೆ ಇದನ್ನೇ ಸ್ವಲ್ಪ ಮೆತ್ತಗೆ ಹೇಳಿದೆ. ಅವರು "ಅವಳಿಗೆ ಹೇಳು, ಚೂರುಗಳನ್ನ ಎಸೀಬಾರ್ದು, ನನಗೆ ಬೇಕು" ಎಂದರು.

ನನ್ನ ಭಾಗಾಕಾರದ ಹಾಳೆಗಳನ್ನು ಇಪ್ಪತ್ತಾರು ವರ್ಷಗಳಲ್ಲಿ ಒಂದು ಸಲವೂ ಕೇಳಿದವರಲ್ಲ.

ಜುಲೈ ೫, ಗುರುವಾರ

ಪ್ರೆಸ್ಸಿನಲ್ಲಿ ಇವತ್ತು ನಂಬರಿಂಗ್ ಮಷಿನ್ನಿನ ಚಕ್ರ ಜಾರಿ ಬಸ್ ಟಿಕೆಟ್ಟಿನ ಒಂದು ಕಟ್ಟಿನಲ್ಲಿ ೪೪೧೬ ಆದಮೇಲೆ ನೇರ ೪೪೧೮ ಬಂದಿತ್ತು. ನೂರು ಟಿಕೆಟ್ಟಿನ ಕಟ್ಟು, ಹೆಬ್ಬೆರಳಲ್ಲಿ ಸರ್ರನೆ ಹಾರಿಸಿದೆ, ಹಿಡಿದೆ. ಬೈಂಡರ್ ಬೆರಗಾಗಿ ನೋಡಿದ. "ನನ್ನ ಕಣ್ಣು ತಪ್ಪಿಸಿ ಒಂದು ಸಂಖ್ಯೆ ಹೋಗೋಕಾಗಲ್ಲ ಕಣಯ್ಯಾ, ಸಂಬಳ ಕೊಡೋದೇ ಅದಕ್ಕೆ" ಎಂದೆ. ಹಾಗೇ ಬಾಲದ ಸುದ್ದಿಯನ್ನೂ ಹೇಳಿದೆ. ಪೂರಾ ಅರ್ಥವಾಗಲಿಲ್ಲ ಅನ್ನಿಸುತ್ತದೆ, ಆದರೂ ಅಭಿನಂದನೆ ಹೇಳಿದ.

ಜುಲೈ ೮, ಭಾನುವಾರ

ಐನೂರು ದಾಟಿದೆ. ಮೇಷ್ಟ್ರು ಮೊದಲ ಸಲ ಬೆನ್ನು ತಟ್ಟಿದರು. ಇವಳು ಕಿಟಕಿಯ ಹತ್ತಿರ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ಏನೋ ಹೇಳಲು ಬಾಯಿ ತೆರೆದವಳು ಮತ್ತೆ ಸೂಜಿಗೆ ಬಗ್ಗಿದಳು. ಹೊಟ್ಟೆಕಿಚ್ಚು ಅವಳಿಗೂ ಇರಬೇಕಲ್ಲ! ಇವತ್ತಿನ ಊಟ ಬಹಳ ರುಚಿಯಾಗಿತ್ತು.

ಜುಲೈ ೧೨, ಗುರುವಾರ

ಭಾನುವಾರ ಮೇಷ್ಟ್ರಿಗೆ ಆರುನೂರರವರೆಗಿನ ಲೆಕ್ಕ ಒಪ್ಪಿಸುವ ಮೊದಲು ಎಲ್ಲವನ್ನೂ ಅವಳ ಪುಸ್ತಕದೊಂದಿಗೆ ತಾಳೆ ನೋಡೋಣ ಎಂದು ಇವತ್ತು ಚಹಾಕ್ಕೆ ನೀರಿಟ್ಟು ಹಳೆಯ ಪುಟಗಳಿಂದ ಶುರುಮಾಡಿದೆ. ೧೦೭, ಸರಿ. ೧೦೯, ಸರಿ. ೧೧೩, ಸರಿ.

ಆಮೇಲೆ ೧೨೭. ಶೇಷ ಆರು.

೧೨೭?

ನನ್ನ ಪಟ್ಟಿ ತೆಗೆದೆ. ಮೊದಲ ಪುಟದ ಕೊನೆ ೧೧೩. ಎರಡನೆಯ ಪುಟದ ಮೊದಲು ೧೩೧. ಪುಟ ಮಗುಚುವಾಗ, ಇಪ್ಪತ್ತು ವರ್ಷದ ಆ ಹುಡುಗ, ಒಂದನ್ನು ಬಿಟ್ಟಿದ್ದಾನೆ. ಅವತ್ತಿನಿಂದ ನಾನು ಯಾವುದನ್ನೂ ೧೨೭ರಿಂದ ಭಾಗಿಸಿಯೇ ಇಲ್ಲ.

ಆರರಲ್ಲಿ ಆರು ಕಳೆದರೆ ಎಷ್ಟು ಅನ್ನಲು ಪೆನ್ಸಿಲ್ ಬೇಕಾಗಿಲ್ಲ. ಆದರೂ ಮಾಡಿದೆ. ೧೨೭ ಗುಣಿಸು ೫೮೨೧೯೭೯. ಶೇಷ ಸೊನ್ನೆ. ನನ್ನ ಬೆಳೆದ ಬಾಲ ಕಿತ್ತು ಕೈಗೆ ಬಂತು. ಟೋಕನ್ನನ್ನೂ ಭಾಗಿಸಿದೆ. ೧೭೩೯೯ ಅಂದರೆ ೧೨೭ ಗುಣಿಸು ೧೩೭. ದೀಪದ ಬುಡದಲ್ಲೇ ಕತ್ತಲೆ.

ಇದೆಲ್ಲ ತಡೆದುಕೊಳ್ಳಬಹುದಿತ್ತು. ಆದರೆ ಆ ಆರರ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಸಣ್ಣದಾಗಿ ಬರೆದಿದ್ದಾಳೆ: "ಇವರದ್ದು ೦". ಪುಟದ ನೆತ್ತಿಯಲ್ಲಿ ತಾರೀಖು ಜೂನ್ ೧೯.

ಚಹಾದ ನೀರು ಪೂರ್ತಿ ಇಂಗಿಹೋಗಿ ಪಾತ್ರೆ ಸೀದಿತ್ತು.

ಜುಲೈ ೧೩, ಶುಕ್ರವಾರ

ಕೇಳಿಯೇಬಿಟ್ಟೆ. "ಇಪ್ಪತ್ನಾಲ್ಕು ದಿನ! ಗೊತ್ತಿದ್ದೂ ನನ್ನನ್ನ ಕುಣಿಯೋಕೆ ಬಿಟ್ಟು ನೋಡ್ತಿದ್ಯಾ?"

ಹೊಲಿಗೆ ಯಂತ್ರ ನಿಲ್ಲಿಸಿದಳು. "ನಂದಕ್ಕೆ ಆರು ಉಳಿದ ತಕ್ಷಣ ಗೊತ್ತಾಯ್ತು. ಹೇಳೋಣ ಅಂತ ಮಾರನೇ ದಿನ ಕೋಣೆಗೆ ಬಂದೆ. ನೀವು ಶಿಳ್ಳೆ ಹಾಕ್ತಾ ಇದ್ರಿ."

"ಶಿಳ್ಳೆನಾ?"

"ಹೂಂ. ಮದುವೆಯಾದಾಗಿಂದ ಕೇಳಿರ್ಲಿಲ್ಲ. ನಾಳೆ ಹೇಳೋಣ ಅಂದ್ಕೊಂಡೆ. ನಾಳೆನೂ ಹಾಕಿದ್ರಿ."

"ಅದಕ್ಕೇ ನನಗಿಂತ ಒಂದೇ ಒಂದು ಹಿಂದೆ ಉಳೀತಿದ್ಯಾ?"

ಬಾಯಲ್ಲಿದ್ದ ದಾರ ಕಡಿದು ಹೇಳಿದಳು, "ಭಾನುವಾರ ನೀವೇ ಕಂಡುಹಿಡಿದೆ ಅಂತ ಹೇಳಿ. ನಿಮ್ಮ ಸಂಖ್ಯೆ, ನಿಮ್ಮ ಪುಟ. ನಾನು ಬಾಯಿ ಬಿಡಲ್ಲ. ಅವತ್ತು ಹೇಗೂ ಯೂನಿಫಾರ್ಮ್ ಕೊಡೋಕೆ ಹೋಗ್ಬೇಕು."

ಲೆಕ್ಕ ಬರುವುದೂ ಇವಳಿಗೆ, ಬಿಟ್ಟುಕೊಡುವುದೂ ಇವಳಿಗೆ. ನನ್ನ ಪಾಲಿಗೆ ಉಳಿದದ್ದೇನು, ಶಿಳ್ಳೆಯೇ?

ಜುಲೈ ೧೫, ಭಾನುವಾರ

"ಒಬ್ಬನೇ ಬಂದ್ಯಾ? ಅವಳೆಲ್ಲಿ?" ಮೆಟ್ಟಿಲು ಹತ್ತಿ ಮುಗಿಯುವ ಮೊದಲೇ ಮೇಷ್ಟ್ರ ಪ್ರಶ್ನೆ. ಅದೊಂದು ಮಾತು ಆಡದಿದ್ದರೆ ಬಹುಶಃ ನಾನು ನಿಜ ಹೇಳುತ್ತಿದ್ದೆ. ಈಗ ಹಾಗನ್ನಿಸುತ್ತಿದೆ, ಗೊತ್ತಿಲ್ಲ.

"ಬಾಲಕ್ಕೆ ಮೂರು ಇತ್ಯರ್ಥ ಆಯ್ತು ಮೇಷ್ಟ್ರೇ. ೧೨೭ರಿಂದ ಭಾಗವಾಗುತ್ತೆ. ನನ್ನ ಪಟ್ಟಿಯಲ್ಲಿ ಅದು ಬಿಟ್ಟುಹೋಗಿತ್ತು. ನಾನೇ ಹಿಡಿದೆ."

ಭಾಗಾಕಾರವನ್ನು ಗಟ್ಟಿಯಾಗಿ ಓದಿಸಿಕೊಂಡು ಕೇಳಿದರು. ಟೋಕನ್ನಿನ ವಿಷಯವನ್ನೂ ಹೇಳಿದೆ. ನಮ್ಮಲ್ಲಿ ತಪ್ಪು ಪುಟ ಹರಿಯುವ ಪದ್ಧತಿಯಿಲ್ಲ. ತಪ್ಪು ಮಾಡಿದವನೇ ತನ್ನ ಕೈಯಾರೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಕಾರಣ ಬರೆದು, ಎಲ್ಲರೆದುರು ಓದಿಸಬೇಕು. ೧೭೩೯೯ರ ಮೇಲೆ ಗೆರೆ ಎಳೆದೆ. ಉಳಿದ ಪುಟಗಳನ್ನೂ ಮತ್ತೆ ನೋಡಬೇಕು.

"ತನ್ನ ತಪ್ಪನ್ನ ತಾನೇ ಹಿಡಿಯೋನು ಸಾವಿರಕ್ಕೊಬ್ಬ ಕಣೋ" ಎಂದರು ಮೇಷ್ಟ್ರು. ಕುಂಬಳಕಾಯಿ ಕಳ್ಳನಂತೆ ನಾನು ಹೆಗಲು ಮುಟ್ಟಿಕೊಳ್ಳುವುದೊಂದು ಬಾಕಿ. ಕೊನೆಯ ಪುಟದಲ್ಲಿ ಇಷ್ಟಿಷ್ಟು ದೊಡ್ಡ ಅಕ್ಷರದಲ್ಲಿ ನನ್ನ ಹೆಸರು ಬರೆದರು. ಬರೆದು ಶಾಯಿ ಒಣಗಲೆಂದು ಊದಿದರು.

ಇವಳು ಸಂಜೆ ಕೇಳಿದಳು, "ಬರೆದ್ರಾ?" ಹೂಂ ಎಂದೆ. "ಒಳ್ಳೇದಾಯ್ತು" ಎಂದಳು. ಮುಖದಲ್ಲಿ ಎಲ್ಲಾದರೂ ಸಂಕಟ ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ನಿಜವಾಗಿಯೂ ಸಂತೋಷಪಟ್ಟಿದ್ದಳು. ಅದನ್ನು ನೋಡಿ ನನಗೆ ಹೊಟ್ಟೆಯುರಿ ಬಂತು, ದೇವರಾಣೆ.

ಜುಲೈ ೧೬, ಸೋಮವಾರ

ಪ್ರೆಸ್ಸು. ಮನೆ. ಏನೂ ಇಲ್ಲ.

ಜುಲೈ ೧೯, ಗುರುವಾರ

ಚಹಾ ಮಾಡಿ ಕೊಟ್ಟೆ. ಇಸ್ತ್ರಿ ಮಾಡುವ ದಿನ ಅವಳಿಗೆ ಎರಡು ಲೋಟ ಬೇಕು. ಅಳತೆ ಪುಸ್ತಕ ಮೇಜಿನ ಮೇಲೇ ಇತ್ತು.

ಬಾಲಕ್ಕೆ ಒಂಬತ್ತನ್ನು ಇನ್ನೂ ಬಿಟ್ಟಿಲ್ಲ ಅವಳು. ಪುಟವೇ ಉಳಿದಿಲ್ಲವಲ್ಲ, ಯಾಕೆ ಮಾಡ್ತೀಯಾ ಎಂದೆ. "ಪುಟಕ್ಕೆ ಅಂತ ಯಾರು ಮಾಡಿದ್ರು?" ಎಂದು ಚೂರು ಜರುಗಿಸಿದಳು. ೬೧೩ಕ್ಕೂ ಜಗ್ಗಿಲ್ಲವಂತೆ.

ಇಪ್ಪತ್ತಾರು ವರ್ಷ ನಾನು ಮಾಡಿದ್ದು ಪುಟಕ್ಕೇ. ಅದೂ ಸುಳ್ಳಿನಲ್ಲಿ ಬಂತು. ಅವಳ ಒಂದು ಪೆನ್ಸಿಲ್ ಸೊನ್ನೆಯ ಮುಂದೆ ನನ್ನ ದೊಡ್ಡಕ್ಷರದ ಹೆಸರು ನೋಡಲಾಗುತ್ತಿಲ್ಲ. ಆ ಸೊನ್ನೆ ನನ್ನದಾಗಿರಬಾರದಿತ್ತೇ ಎಂದು ಇನ್ನೂ ಅನ್ನಿಸುತ್ತದೆ. ಆದರೆ ಅಲ್ಲ.

ಜುಲೈ ೨೨, ಭಾನುವಾರ

ಇವಳನ್ನು ಬಲವಂತ ಮಾಡಿ ಕರೆದುಕೊಂಡು ಹೋದೆ. ಯಾಕೆಂದು ಹೇಳಲಿಲ್ಲ. ಮೇಷ್ಟ್ರು "ಬಾಮ್ಮಾ, ಬಾ" ಎಂದು ಅವಳಿಗೆ ಕುರ್ಚಿ ತೋರಿಸಿದರು. ನಾನು ಪುಸ್ತಕ ತೆಗೆದು, ಕೆಂಪು ಶಾಯಿಯ ಬಾಟಲಿ ತೆರೆದು, ಕೊನೆಯ ಪುಟದಲ್ಲಿದ್ದ ನನ್ನ ಹೆಸರಿನ ಮೇಲೆ ಗೆರೆ ಎಳೆದೆ. ಗೆರೆ ಸೊಟ್ಟಗೆ ಬಂತು. ಕೆಳಗೆ ಕಾರಣ ಬರೆದೆ.

"ಏನೋ ಗೀಚಿದ ಸದ್ದು?" ಮೇಷ್ಟ್ರು ಮುಖವನ್ನು ಪುಟದ ಹತ್ತಿರ ತಂದರು. ಅವರಿಗೆ ಕಂಡದ್ದು ಕೆಂಪು ಮಾತ್ರ. "ನೀನೇ ಓದಮ್ಮಾ" ಎಂದು ಪುಸ್ತಕವನ್ನು ಇವಳ ಕಡೆ ತಳ್ಳಿದರು.

ಇವಳು ಮೊದಲು ಒಳಗೊಳಗೇ ಓದಿಕೊಂಡಳು. ನನ್ನತ್ತ ಒಮ್ಮೆ ನೋಡಿದಳು. ಆಮೇಲೆ ಗಟ್ಟಿಯಾಗಿ ಓದಿದಳು, "ಇದು ನನ್ನದಲ್ಲ. ೧೨೭ನ್ನು ಜೂನ್ ೧೯ರಂದು ಕಂಡುಹಿಡಿದದ್ದು ನನ್ನ ಹೆಂಡತಿ." ಮುಂದೆ ನಾನು ಬರೆದ ಅವಳ ಹೆಸರು, ಅದನ್ನೂ ಓದಿದಳು. ನಿಲ್ಲಿಸಿದಳು.

"ಅಷ್ಟೇನಾ?" ಎಂದರು ಮೇಷ್ಟ್ರು.

"ಅಷ್ಟೇ, ಮೇಷ್ಟ್ರೇ." ಪುಸ್ತಕ ಮುಚ್ಚಲು ಹೋದಳು.

ಮೇಷ್ಟ್ರ ಮುಖ ಅರಳಿತ್ತು. ಇವಳು ಮೊದಲೇ ಹಿಡಿದದ್ದು ತಡವಾಗಿ ಗೊತ್ತಾಗಿ ಪುಟ ಬಿಟ್ಟುಕೊಟ್ಟ ಒಳ್ಳೆಯ ಗಂಡ ಎಂದುಕೊಂಡಿರಬೇಕು. ಸುಮ್ಮನಿದ್ದರೆ ಆಗುತ್ತಿತ್ತು. ಇಬ್ಬರ ಕಣ್ಣಿನಲ್ಲೂ ನಾನು ಚೆನ್ನಾಗಿಯೇ ಉಳಿಯುತ್ತಿದ್ದೆ. ಆದರೆ ಮತ್ತೊಮ್ಮೆ ಇವಳೇ ದೊಡ್ಡವಳಾಗಿ, ಮತ್ತೊಮ್ಮೆ ನಾನು ಅವಳು ಬಿಟ್ಟುಕೊಟ್ಟದ್ದನ್ನು ಎತ್ತಿಕೊಂಡು ಮನೆಗೆ ಹೋಗುವುದು ನನ್ನಿಂದಾಗಲಿಲ್ಲ. ರಟ್ಟಿನ ಮೇಲೆ ಕೈಯಿಟ್ಟೆ.

"ಒಂದು ಸಾಲು ಬಿಟ್ಟಿದ್ದಾಳೆ ಮೇಷ್ಟ್ರೇ" ಎಂದೆ. ಪುಸ್ತಕ ತೆರೆದು ನಾನೇ ಓದಿದೆ. "ಹೋದ ಭಾನುವಾರ ನಾನು ನಿಮಗೆ ಸುಳ್ಳು ಹೇಳಿದೆ."

ಮೇಷ್ಟ್ರು ಕೆಂಪು ಗೆರೆ ಇದ್ದ ಕಡೆ ಬೆರಳಿಟ್ಟುಕೊಂಡೇ ಕೂತಿದ್ದರು. ಶಾಯಿ ಹಸಿಯಿತ್ತು, ಬೆರಳಿಗೆ ಹತ್ತಿತು. ಕೊನೆಗೆ, "ಮುಂದಿನ ಭಾನುವಾರ ಇಬ್ಬರೂ ಬನ್ನಿ" ಎಂದರು.

ಮೆಟ್ಟಿಲಿಳಿದು ಬೀದಿಗೆ ಬಂದ ಮೇಲೆ ಇವಳು ಸೆರಗಿನಿಂದ ಕಣ್ಣೊರೆಸಿಕೊಂಡು ಸಿಡುಕಿದಳು, "ಎಲ್ಲದರಲ್ಲೂ ಕೊನೇ ಮಾತು ನಿಮ್ಮದೇ ಆಗ್ಬೇಕು, ಅಲ್ವಾ?"

ಹೌದು ಎಂದೆ.